ನವನಗರದ ಪಲ್ಲೆ ಬುಟ್ಟಿಯ ಅವ್ವನಿಗೆ

ನನ್ನ ಸೊಸೆ ಫಿನ್ಲೆಂಡಿನ ಹೆಲ್ಸಿಂಕಿಯವಳು. ಡಿಸೆಂಬರಿನಲ್ಲಿ ಮಧ್ಯಾಹ್ನ 3 ದಾಟುತ್ತಲೇ ಕತ್ತಲಾಗುವ ಊರು. ಧಾರವಾಡದ ಬಿಸಿಲು, ಗಿರಮಿಟ್ ಎಂದರೆ ಅವಳಿಗೆ ಜೀವ. ಆದರೆ ಹೋದಲ್ಲೆಲ್ಲ ಜನ ನೋಡುವುದು, ಗುರುತಿಲ್ಲದವರೂ 'ಮಕ್ಕಳು ಯಾವಾಗ?' ಅನ್ನುವುದು ಅವಳನ್ನು ದಣಿಸಿಬಿಡುತ್ತದೆ. ಎಂಟು ತಿಂಗಳಲ್ಲಿ ಎಷ್ಟೋ ರಾತ್ರಿ ಸುಮ್ನೆ ಅತ್ತಿದ್ದಾಳೆ.

ಕಳೆದ ವಾರ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಒಬ್ಬಳೇ ಬರುವಾಗ ತಲೆ ಸುತ್ತಿ ನವನಗರದಲ್ಲಿ ಇಳಿದಳು. ಮೊಬೈಲ್ ಚಾರ್ಜ್ ಮುಗಿದಿತ್ತು. ಜನ ಸುತ್ತುವರಿದರು. ಅವ್ವಾ, ನೀವು ಅವರನ್ನೆಲ್ಲ ಸರಿಸಿದಿರಿ. ಸೆರಗಿನ ತುದಿ ನೀರಲ್ಲಿ ಅದ್ದಿ ಅವಳ ಕುತ್ತಿಗೆ ಒರೆಸಿದಿರಿ. ನಿಮ್ಮ ಬುತ್ತಿಯ ಮಜ್ಜಿಗೆ ಕುಡಿಸಿದಿರಿ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನೇ ಅವಳು ಮತ್ತೆ ಮತ್ತೆ ಹೇಳುತ್ತಾಳೆ. ಮೆಂತೆ ಪಲ್ಲೆಯ ಬುಟ್ಟಿ ಕಾಲ ಬಳಿ ಇಟ್ಟುಕೊಂಡು, ಅವಳ ಕೈ ಬಿಡದೆ ಜುಬಿಲಿ ಸರ್ಕಲ್‌ವರೆಗೂ ಬಂದಿರಿ.

ದಾರಿ ಕಾಯುತ್ತ ನಿಂತಿದ್ದ ನನಗೆ ಅವಳನ್ನು ಕಂಡಾಗಲೇ ಉಸಿರು ಬಂತು. "ರೊಕ್ಕ ಬ್ಯಾಡ್ರೀ, ಆಕೀಗೆ ಒಂದೀಟು ಗಂಜಿ ಕುಡಸ್ರಿ" ಅಂದು ಬುಟ್ಟಿ ಹೊತ್ತು ಹೊರಟೇಬಿಟ್ಟಿರಿ. ಹೆಸರು ಕೇಳಲೂ ತೋಚಲಿಲ್ಲ.

ನಿನ್ನೆ ಅವಳು ನನ್ನ ಹತ್ತಿರ ಒಂದು ಮಾತು ಕಲಿತಳು: "ಊಟ ಆತೇನ್ರೀ ಅವ್ವಾ?" ನವನಗರದಲ್ಲಿ ಇಳಿದು ನಿಮ್ಮನ್ನು ಹುಡುಕುತ್ತಾಳಂತೆ.