ಮಗುವಿನ ತೂಕ ಚೀಟಿಯಲ್ಲಿ ಬರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಸರ್ಕಾರಿ ಆಸ್ಪತ್ರೆಯ ಚೀಟಿಯೂ ಖಾಸಗಿ ಕ್ಲಿನಿಕ್ಕಿನ ಚೀಟಿಯೂ ನನ್ನ ಕೌಂಟರಿಗೆ ಬರುತ್ತವೆ. ಮಕ್ಕಳ ಚೀಟಿಯಲ್ಲಿ ಹೆಸರಿರುತ್ತದೆ, ವಯಸ್ಸಿರುತ್ತದೆ, ದಿನಾಂಕವಿರುತ್ತದೆ. ಮಕ್ಕಳ ತಜ್ಞರು ಬರೆದದ್ದನ್ನು ಬಿಟ್ಟರೆ ತೂಕ ಕಾಣುವುದು ಅಪರೂಪ. ಹನ್ನೆರಡು ವರ್ಷದೊಳಗಿನ ಯಾವ ಮಗುವಿಗೂ ತೂಕ ಬರೆಯದೆ ಔಷಧಿ ಚೀಟಿ ಕೊಡಬಾರದು ಎಂದು ನಿಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಬೇಕು. ಅದನ್ನು ಕೇಳಿಕೊಳ್ಳಲೆಂದೇ ಈ ಪತ್ರ.

ಜ್ವರದ ಔಷಧಿಯಿಂದಲೇ ಶುರು ಮಾಡುತ್ತೇನೆ. ಪ್ಯಾರಾಸಿಟಮಾಲ್ ಇಲ್ಲದ ಮನೆ ನಮ್ಮಲ್ಲಿ ಇಲ್ಲ. ಮಕ್ಕಳಿಗೆ ಅದನ್ನು ಒಂದು ಸಲಕ್ಕೆ ಪ್ರತಿ ಕೆಜಿ ತೂಕಕ್ಕೆ 10ರಿಂದ 15 ಎಂಜಿ ಲೆಕ್ಕದಲ್ಲಿ, ಇಡೀ ದಿನಕ್ಕೆ ಕೆಜಿಗೆ 60 ಎಂಜಿ ದಾಟದಂತೆ ಕೊಡಬೇಕು. ಅಂಗಡಿಯಲ್ಲಿ ಸಿಗುವ ಬಾಟಲಿಗಳೋ ಮೂರು ಬಗೆ. 5 ಎಂಎಲ್‌ಗೆ 120 ಅಥವಾ 125 ಎಂಜಿ ಇರುವ ಸಿರಪ್ ಒಂದು, 5 ಎಂಎಲ್‌ಗೆ 250 ಎಂಜಿ ಇರುವುದು ಇನ್ನೊಂದು, 1 ಎಂಎಲ್‌ನಲ್ಲೇ 100 ಎಂಜಿ ಇರುವ ಡ್ರಾಪ್ಸ್ ಮತ್ತೊಂದು. ಚೀಟಿಯಲ್ಲಿ ಬರೆದಿರುವುದು ಮಾತ್ರ "ಪ್ಯಾರಾಸಿಟಮಾಲ್ ಸಿರಪ್, 5 ಎಂಎಲ್, ದಿನಕ್ಕೆ ಮೂರು ಸಲ."

ಮಗು 8 ಕೆಜಿ ಇದೆ ಎಂದುಕೊಳ್ಳಿ. 120ರ ಬಾಟಲಿಯಲ್ಲಿ 5 ಎಂಎಲ್ ಕುಡಿಸಿದರೆ ಕೆಜಿಗೆ 15 ಎಂಜಿ, ಲೆಕ್ಕ ಸರಿಯಾಗಿ ಕೂರುತ್ತದೆ. ಮನೆಯಲ್ಲಿ ಅಕ್ಕನಿಗೆ ತಂದಿಟ್ಟ 250ರ ಬಾಟಲಿಯಿಂದ ಅದೇ 5 ಎಂಎಲ್ ಕುಡಿಸಿದರೆ ಕೆಜಿಗೆ 31 ಎಂಜಿ ಆಯಿತು. ಮೂರು ಸಲಕ್ಕೆ 94 ಎಂಜಿ. ಒಂದು ದಿನ ಹೀಗಾದರೆ ಮಗು ತಡೆದುಕೊಂಡೀತು. ಜ್ವರ ಬಿಡಲಿಲ್ಲವೆಂದು ಮೂರು ನಾಲ್ಕು ದಿನ ಹಾಗೇ ಮುಂದುವರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಪ್ಯಾರಾಸಿಟಮಾಲ್ ಹೆಚ್ಚಾದಾಗ ಮೊದಲ ದಿನ ಹೇಳಿಕೊಳ್ಳುವಂಥ ಲಕ್ಷಣವೇ ಇಲ್ಲದಿರಬಹುದು, ಸ್ವಲ್ಪ ವಾಂತಿ, ಸ್ವಲ್ಪ ಮಂಕು ಅಷ್ಟೆ. ಜ್ವರದ ಮಗು ಹೇಗೂ ಮಂಕಾಗಿಯೇ ಇರುತ್ತದೆ, ಯಾರಿಗೆ ಅನುಮಾನ ಬಂದೀತು? ಆಮೇಲೆ ಕೊಡಬೇಕಾದ ಪ್ರತ್ಯೌಷಧ ಅಸಿಟೈಲ್‌ಸಿಸ್ಟೀನ್‌ಗೂ ತೂಕದ ಲೆಕ್ಕವೇ ಬೇಕು.

ಕಡಿಮೆ ಕೊಟ್ಟಾಗ ಆಗುವ ಕೆಡುಕು ಇದಕ್ಕಿಂತ ಸಾಮಾನ್ಯ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದೇ 120ರ ಸಿರಪ್ಪನ್ನು 20 ಕೆಜಿಯ ಮಗುವಿಗೆ 5 ಎಂಎಲ್ ಕೊಟ್ಟರೆ ಕೆಜಿಗೆ 6 ಎಂಜಿ. ಜ್ವರ ಇಳಿಯುವುದಿಲ್ಲ. ಮರುದಿನ ಅಪ್ಪ ಬಂದು "ಈ ಔಷಧಿ ಹಿಡೀತಾ ಇಲ್ಲ, ಸೂಜಿ ಹಾಕ್ಸೋಣ ಅಂತ ಹೊರಟಿದೀವಿ" ಅನ್ನುತ್ತಾರೆ. ಬೇಡದ ಇಂಜೆಕ್ಷನ್, ಬೇಡದ ಆಂಟಿಬಯೋಟಿಕ್ ಎಷ್ಟೋ ಸಲ ಶುರುವಾಗುವುದು ಇಲ್ಲಿಂದ. ಆಂಟಿಬಯೋಟಿಕ್ಕೇ ಅರೆಬರೆ ಡೋಸಿನಲ್ಲಿ ಹೋದರಂತೂ ರೋಗಾಣು ಸಾಯದೆ ಔಷಧಿಗೆ ಪಳಗುತ್ತದೆ.

ವಯಸ್ಸು ಬರೆದಿದೆಯಲ್ಲ, ಸಾಲದೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಮೂರು ತುಂಬಿದ ಗಂಡುಮಗುವಿನ ನಡುಮಟ್ಟದ ತೂಕ 14.3 ಕೆಜಿ. ಆದರೆ ನನ್ನ ಕೌಂಟರಿನ ಮುಂದೆ ಅದೇ ವಯಸ್ಸಿನ 10 ಕೆಜಿಯ ಮಗುವೂ ಬರುತ್ತದೆ, 18 ಕೆಜಿಯದೂ ಬರುತ್ತದೆ. ಒಂದಕ್ಕೆ 150 ಎಂಜಿ ಬೇಕಾದಲ್ಲಿ ಇನ್ನೊಂದಕ್ಕೆ 270 ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 32.9ರಷ್ಟು ವಯಸ್ಸಿಗೆ ತಕ್ಕ ತೂಕವಿಲ್ಲದವರು. ವಯಸ್ಸು ನೋಡಿ ಡೋಸ್ ಬರೆದಾಗ ಹೆಚ್ಚಾಗಿ ಬೀಳುವುದು ಈ ಮಕ್ಕಳಿಗೇ. ಬಡವರ ಮನೆಯ, ಮೊದಲೇ ಸೊರಗಿದ ಮಕ್ಕಳಿಗೆ.

ಇದರಲ್ಲಿ ನನಗೆ ಅತ್ಯಂತ ನೋವು ತರುವ ಸಂಗತಿಯೆಂದರೆ, ತೂಕ ಯಾರಿಗೂ ಗೊತ್ತಿಲ್ಲವೆಂದಲ್ಲ. "ಪಾಪು ತೂಕ ಎಷ್ಟಮ್ಮಾ?" ಎಂದು ಕೇಳಿದರೆ "ಗೊತ್ತಿಲ್ಲಣ್ಣಾ, ಅಂಗನವಾಡೀಲಿ ಟೀಚರ್ ನೋಡಿ ಬರ್ಕೋತಾರೆ" ಎಂಬ ಉತ್ತರ ಬರುತ್ತದೆ. ಹೌದು, ಅಂಗನವಾಡಿ ಕಾರ್ಯಕರ್ತೆ ತಿಂಗಳು ತಿಂಗಳು ಮಗುವನ್ನು ತೂಗಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪಿಗೆ ಏರಿಸುತ್ತಾರೆ. ತಾಯಿ-ಮಗುವಿನ ಆರೋಗ್ಯದ ವಿವರ ಬರೆದಿಡುವ ತಾಯಿ ಕಾರ್ಡಿನಲ್ಲಿ ಅದಕ್ಕೆಂದೇ ಗೆರೆ ಎಳೆಯುವ ಪಟ್ಟಿ ಇದೆ. ಸರ್ಕಾರವೇ ತೂಗಿ, ಸರ್ಕಾರವೇ ಬರೆದಿಟ್ಟ ಅಂಕಿ, ಮಗು ಕಾಯಿಲೆ ಬಿದ್ದ ದಿನ ಸರ್ಕಾರದ್ದೇ ಆಸ್ಪತ್ರೆಯ ಚೀಟಿಗೆ ಬರುವುದಿಲ್ಲ.

ಹಾಗಾಗಿ ನಾನು ಅಂಗಡಿಯಲ್ಲೇ ಒಂದು ತೂಕದ ಮಿಷಿನ್ ಇಟ್ಟಿದ್ದೇನೆ. ತಾಯಿ ಮಗುವನ್ನು ಎತ್ತಿಕೊಂಡು ನಿಲ್ಲಬೇಕು, ಆಮೇಲೆ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಒಬ್ಬಳೇ ನಿಲ್ಲಬೇಕು. ಒಂದರಲ್ಲಿ ಇನ್ನೊಂದನ್ನು ಕಳೆದರೆ ಮಗುವಿನ ತೂಕ. ಮಗು ಒದ್ದಾಡಿದರೆ ಅಂಕಿ ಅಲ್ಲಾಡುತ್ತದೆ. ಈ ಕಳೆಯುವ ಲೆಕ್ಕದಲ್ಲಿ ಒಂದು ಕೆಜಿ ಆಚೀಚೆ ಆದರೆ 6 ಕೆಜಿಯ ಕೂಸಿಗೆ ಆರನೇ ಒಂದು ಪಾಲು ಡೋಸ್ ತಪ್ಪಿದಂತೆ. ತಪ್ಪು ಕಂಡಾಗ ವೈದ್ಯರಿಗೆ ಫೋನ್ ಮಾಡುತ್ತೇನೆ. ಸಿಕ್ಕರೆ ಸರಿಪಡಿಸುತ್ತಾರೆ, ಕೆಲವರು ಧನ್ಯವಾದವನ್ನೂ ಹೇಳುತ್ತಾರೆ. ಸಿಗದಿದ್ದಾಗ ವೈದ್ಯರು ಬರೆದ ಡೋಸನ್ನು ನಾನಾಗಿ ಬದಲಿಸುವಂತಿಲ್ಲ, ಕೊಡದೆ ಕಳಿಸಿದರೆ ಜ್ವರದ ಮಗು ಔಷಧಿಯಿಲ್ಲದೆ ಹೋಗುತ್ತದೆ. ಔಷಧ ನಿಯಮಾವಳಿಯ 65ನೇ ನಿಯಮ ಚೀಟಿಯಲ್ಲಿ ರೋಗಿಯ ಹೆಸರು, ವಿಳಾಸ, ಔಷಧಿಯ ಒಟ್ಟು ಪ್ರಮಾಣ, ಡೋಸ್, ವೈದ್ಯರ ಸಹಿ, ದಿನಾಂಕ ಇರಬೇಕೆನ್ನುತ್ತದೆ. ತೂಕದ ಮಾತು ಅಲ್ಲಿಲ್ಲ. 1945ರ ಕೇಂದ್ರದ ನಿಯಮಾವಳಿ ತಿದ್ದುಪಡಿಯಾಗಲಿ ಎಂದು ಕಾಯಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಯ ಚೀಟಿ ನಿಮ್ಮ ಇಲಾಖೆಯೇ ಮುದ್ರಿಸುವ ಕಾಗದ.

ತೂಕ ನೋಡಿ ಔಷಧಿ ಕೊಡುವುದು ನಿಮ್ಮ ಇಲಾಖೆಗೆ ಹೊಸ ವಿದ್ಯೆಯೂ ಅಲ್ಲ. ಕ್ಷಯರೋಗದ ಮಾತ್ರೆಗಳನ್ನು ನೋಡಿ. ದೊಡ್ಡವರಲ್ಲಿ 25ರಿಂದ 34 ಕೆಜಿಯವರಿಗೆ ದಿನಕ್ಕೆ ಎರಡು, 35ರಿಂದ 49 ಕೆಜಿಯವರಿಗೆ ಮೂರು, 50ರಿಂದ 64 ಕೆಜಿಯವರಿಗೆ ನಾಲ್ಕು. ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಇದನ್ನು ಬಾಯಿಪಾಠ ಹೇಳುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಹೃದಯಾಘಾತಕ್ಕೆ ಉಚಿತವಾಗಿ ಕೊಡುತ್ತಿರುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನಿಗೂ ತೂಕವೇ ಆಧಾರ. 60 ಕೆಜಿಯೊಳಗಿದ್ದರೆ 30 ಎಂಜಿ, ಅಲ್ಲಿಂದ ಪ್ರತಿ ಹತ್ತು ಕೆಜಿಗೆ 5 ಎಂಜಿ ಏರುತ್ತಾ 90 ಕೆಜಿ ಮತ್ತು ಮೇಲ್ಪಟ್ಟವರಿಗೆ 50 ಎಂಜಿ. ಅಷ್ಟು ತುರ್ತಿನಲ್ಲೂ ತೂಕ ಕೇಳಲು ಆಗುವುದಾದರೆ, ಹೊರರೋಗಿ ವಿಭಾಗದ ಸಾಲಿನಲ್ಲಿ ಕಾದು ನಿಂತ ಮಗುವನ್ನು ತೂಗಲು ಆಗದೇ?

ಎಲ್ಲಕ್ಕೂ ತೂಕವೇ ಅಳತೆಯಲ್ಲ ಎಂಬುದನ್ನೂ ಹೇಳಬೇಕು. ಹಾವು ಕಚ್ಚಿದ ಮಗುವಿಗೆ ವಿಷನಿರೋಧಕ ಕೊಡುವಾಗ ದೊಡ್ಡವರ ಡೋಸನ್ನೇ ಕೊಡಬೇಕು. ಮಗು ಚಿಕ್ಕದೆಂದು ಹಾವು ವಿಷ ಕಡಿಮೆ ಬಿಟ್ಟಿರುವುದಿಲ್ಲ. ಭೇದಿಗೆ ಕೊಡುವ ಜಿಂಕ್ ವಯಸ್ಸಿನ ಮೇಲೆ ಹೋಗುತ್ತದೆ, ಆರು ತಿಂಗಳೊಳಗೆ 10 ಎಂಜಿ, ಮೇಲೆ 20. ಎತ್ತರವಾಗಿ ಬೆಳೆದ 70 ಕೆಜಿಯ ಹುಡುಗನಿಗೆ ಕೆಜಿಗೆ 15ರಂತೆ ಗುಣಿಸುತ್ತಾ ಹೋಗುವಂತಿಲ್ಲ, ದೊಡ್ಡವರ ಗರಿಷ್ಠ ಡೋಸಿಗೆ ನಿಲ್ಲಿಸಬೇಕು. ಇದೆಲ್ಲ ವೈದ್ಯರ ವಿವೇಚನೆಗೆ ಬಿಟ್ಟದ್ದು. ಆದರೆ ಅಂಕಿಯೇ ಮುಂದಿಲ್ಲದಿದ್ದರೆ ವಿವೇಚನೆ ಎಲ್ಲಿಂದ ಶುರುವಾಗಬೇಕು?

ವೈದ್ಯರನ್ನು ದೂರಲು ನಾನು ಬರೆಯುತ್ತಿಲ್ಲ. ಬೆಳಗಿನ ಹೊರರೋಗಿ ವಿಭಾಗದ ನೂಕುನುಗ್ಗಲನ್ನು ಕಣ್ಣಾರೆ ಕಂಡವನು ನಾನು. ಒಬ್ಬರೇ ವೈದ್ಯರು, ಮುಂದೆ ಅಳುವ ಮಕ್ಕಳು, ಹಿಂದೆ ಚೀಟಿ ಹಿಡಿದ ಸಾಲು. ಅಲ್ಲಿ ಗುಣಾಕಾರಕ್ಕೆ ಕೂರಿ ಎಂದರೆ ಯಾರಿಂದಲೂ ಆಗದು. ಅದಕ್ಕೇ ತೂಕ ನೋಡುವ ಕೆಲಸ ವೈದ್ಯರ ಕೊಠಡಿಗಿಂತ ಮೊದಲೇ, ಚೀಟಿ ಬರೆಸುವ ಕಿಟಕಿಯ ಪಕ್ಕದಲ್ಲೇ ಮುಗಿಯಬೇಕು. ಅಲ್ಲೊಂದು ಕೂಸುಗಳ ತಕ್ಕಡಿ, ನಿಲ್ಲುವ ಮಕ್ಕಳಿಗೊಂದು ಡಿಜಿಟಲ್ ಮಿಷಿನ್, ಎರಡನ್ನೂ ಆಗಾಗ ಪರೀಕ್ಷಿಸಿ ಸರಿಯಿಡುವ ಒಬ್ಬ ಜವಾಬ್ದಾರ ಇರಲಿ. ಕಂಪ್ಯೂಟರ್ ಚೀಟಿ ಕೊಡುವ ಆಸ್ಪತ್ರೆಗಳಲ್ಲಿ ಮಗುವಿನ ತೂಕ ತುಂಬದೆ ಚೀಟಿ ಮುದ್ರಣವಾಗದಂತೆ ಮಾಡಿಸಿ. ವೈದ್ಯರ ಮೇಜಿನ ಎದುರಿನ ಗೋಡೆಗೆ ಹೆಚ್ಚು ಬಳಕೆಯ ಹತ್ತು ಹದಿನೈದು ಔಷಧಿಗಳ ಪಟ್ಟಿ ತೂಗುಹಾಕಿಸಿ, ಇಷ್ಟು ಕೆಜಿಗೆ ಇಷ್ಟು ಎಂಎಲ್ ಎಂದು ನೇರವಾಗಿ ಓದುವಂತಿರಲಿ. ಡೋಸ್ ಬರೆಯುವಾಗ ಎಂಎಲ್ ಜೊತೆಗೆ ಎಂಜಿಯೂ ಇರಲಿ. ಎಂಜಿ ಇದ್ದರೆ ಬಾಟಲಿ ಬದಲಾದರೂ ನಾವು ಹಿಡಿಯಬಲ್ಲೆವು.

ಇನ್ನು ಖರೀದಿಯ ವಿಷಯ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಮಕ್ಕಳ ಸಿರಪ್ಪಿಗೆ ಟೆಂಡರ್ ಕರೆಯುವಾಗ ರಾಜ್ಯಕ್ಕೆಲ್ಲ ಒಂದೇ ಶಕ್ತಿಯ ಪ್ಯಾರಾಸಿಟಮಾಲ್ ನಿಗದಿ ಮಾಡಲಿ, ಲೇಬಲ್ಲಿನ ಮೇಲೆ 5 ಎಂಎಲ್‌ಗೆ ಎಷ್ಟು ಎಂಜಿ ಎಂಬುದು ದಪ್ಪ ಕನ್ನಡ ಅಕ್ಷರದಲ್ಲಿ ಇರಲಿ. ಪ್ರತಿ ಬಾಟಲಿಯ ಜೊತೆ ಸೂಜಿಯಿಲ್ಲದ, ಎಂಎಲ್ ಗೆರೆಯಿರುವ ಒಂದು ಸಿರಿಂಜ್ ಕೊಡಿಸಿ. ಮುಚ್ಚಳದಲ್ಲಿ 2.5 ಮತ್ತು 5ರ ಗೆರೆ ಇರುತ್ತದೆ, 3.5 ಎಂಎಲ್ ಅಳೆಯುವುದು ಹೇಗೆ? ಬೆಳಕಿಲ್ಲದ ಮನೆಯಲ್ಲಿ, ನಡುರಾತ್ರಿ, ಅಳುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು? ಹೆಚ್ಚಿನವರು ಅಡುಗೆಮನೆಯ ಚಮಚದಲ್ಲೇ ಕುಡಿಸುತ್ತಾರೆ. ಎರಡು ಮನೆಯ ಚಮಚ ಒಂದೇ ಅಳತೆಯದಾಗಿರುವುದಿಲ್ಲ.

ಖಾಸಗಿ ಕ್ಲಿನಿಕ್ಕುಗಳಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಆರೋಗ್ಯಾಧಿಕಾರಿಗಳ ಮೂಲಕ ಇದೇ ಸೂಚನೆ ತಲುಪಿಸಬಹುದು. ಮೊದಲು ಸರ್ಕಾರಿ ಆಸ್ಪತ್ರೆಗಳಲ್ಲಿ ಆಗಲಿ, ಜನ ತಾವೇ ಕೇಳಲು ಕಲಿಯುತ್ತಾರೆ.

ಸುತ್ತೋಲೆ ಹೊರಡುವವರೆಗೆ ಕಾಯಲಾಗದ ಒಂದು ಕೆಲಸವಿದೆ. ಮಗುವನ್ನು ಆಸ್ಪತ್ರೆಗೆ ಕರೆತರುವಾಗ ತಾಯಿ ಕಾರ್ಡ್ ತನ್ನಿ ಎಂದು ಆಶಾ ಕಾರ್ಯಕರ್ತೆಯರ ಮೂಲಕ ಈ ವಾರವೇ ಹೇಳಿಸಿ. ಅದಕ್ಕೆ ಹಣ ಬೇಕಾಗಿಲ್ಲ, ಟೆಂಡರ್ ಬೇಕಾಗಿಲ್ಲ. ಕಾರ್ಡ್ ಕೈಯಲ್ಲಿದ್ದರೆ ಕಳೆದ ತಿಂಗಳ ತೂಕವಾದರೂ ವೈದ್ಯರಿಗೂ ನಮಗೂ ಕಾಣುತ್ತದೆ.

ನಿಮ್ಮ ಉತ್ತರಕ್ಕಿಂತ ಹೆಚ್ಚಾಗಿ ಆ ಸುತ್ತೋಲೆಯನ್ನು ಎದುರು ನೋಡುತ್ತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ಫಾರ್ಮಸಿಸ್ಟ್