ಬೆಂಗಳೂರಿನ ಬಚ್ಚಲು, ಕೋಲಾರದ ಕೆರೆ

ಮಾನ್ಯರೇ,

ಫೇಸ್ ಸ್ಕ್ರಬ್, ಬಾಡಿ ವಾಶ್‌ಗಳಲ್ಲಿ ಬೆರೆಸುವ ಪ್ಲಾಸ್ಟಿಕ್ ಮಣಿಗಳ ಬಗ್ಗೆ ಓದುವಾಗಲೆಲ್ಲ ಕಡಲು, ಮೀನುಗಳ ಮಾತೇ ಬರುತ್ತದೆ. ಕಡಲಿಲ್ಲದ ಕೋಲಾರದವನಾದ ನನಗೆ ಇದು ನಮ್ಮ ಕೆರೆಗಳ ವಿಷಯವಾಗಿಯೂ ಕಾಣುತ್ತದೆ. 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡನೇ ಹಂತದವರೆಗೆ ಸಂಸ್ಕರಣೆಗೊಂಡು, ಲಕ್ಷ್ಮೀಸಾಗರದಿಂದ ಮೊದಲ್ಗೊಂಡು ನಮ್ಮ ಕೆರೆಗಳನ್ನು ತುಂಬುತ್ತಿದೆ. ಒಣಗಿದ್ದ ಕೆರೆಗಳಲ್ಲಿ ನೀರು ಕಂಡ ಸಂತೋಷ ನನಗೂ ಇದೆ. ಆದರೆ ಎರಡನೇ ಹಂತದ ಸಂಸ್ಕರಣೆಯಲ್ಲಿ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ, ಈ ಮಣಿಗಳಲ್ಲಿ ಬಳಸುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಆಹಾರವಲ್ಲ. ಮಣಿಗಳಲ್ಲಿ ಹೆಚ್ಚಿನವು ಕೆಸರಿನೊಂದಿಗೆ ಉಳಿಯುತ್ತವೆ, ತೀರಾ ಸಣ್ಣವು ನೀರಿನೊಂದಿಗೆ ಮುಂದೆ ಸಾಗಬಲ್ಲವು; ಆ ಕೆಸರು ಗೊಬ್ಬರವಾಗಿ ಹೊಲ ಸೇರಿದರೆ ಉಳಿದವೂ ಮಣ್ಣಿನ ಪಾಲೇ.

ಕೊಳಚೆಯಲ್ಲಿರುವ ಪ್ಲಾಸ್ಟಿಕ್ ಕಣಗಳಲ್ಲಿ ಪಾಲಿಯೆಸ್ಟರ್ ಬಟ್ಟೆಯ ಎಳೆಗಳ ಪಾಲು ದೊಡ್ಡದು, ಸ್ಕ್ರಬ್‌ನದು ಚಿಕ್ಕದು ಎಂಬುದನ್ನು ಒಪ್ಪುತ್ತೇನೆ. ಬಟ್ಟೆ ಒಗೆಯುವುದನ್ನು ನಿಲ್ಲಿಸಲಾಗದು. ಆದರೆ ಮುಖ ಉಜ್ಜಲು ಅಕ್ರೋಟಿನ ಸಿಪ್ಪೆಯ ಪುಡಿಯೋ ಉಪ್ಪೋ ಸಾಕಾಗುವಾಗ, ಬೇಕೆಂದೇ ಪ್ಲಾಸ್ಟಿಕ್ ಬೆರೆಸುವುದಕ್ಕೆ ಏನು ಸಮರ್ಥನೆಯಿದೆ?

ಅಮೆರಿಕವು 2015ರಲ್ಲೇ ಕಾನೂನು ಮಾಡಿ, ತೊಳೆದುಹೋಗುವ ಪ್ರಸಾಧನಗಳಲ್ಲಿ ಇಂಥ ಮಣಿಗಳ ಬಳಕೆಗೆ ತಡೆ ಹಾಕಿತು. ನಮ್ಮ ಭಾರತೀಯ ಮಾನಕ ಬ್ಯೂರೊ ಕೂಡ 2017ರಲ್ಲಿ, ಜೈವಿಕವಾಗಿ ಕೊಳೆಯದ ಪಾಲಿಮರ್ ಮಣಿಗಳನ್ನು ಸೌಂದರ್ಯವರ್ಧಕಗಳಿಗೆ ಸುರಕ್ಷಿತವಲ್ಲದ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಐರೋಪ್ಯ ಒಕ್ಕೂಟದ 2023ರ ನಿಯಮ ಇನ್ನೂ ಮುಂದೆ ಹೋಗಿ ತುಟಿ, ಉಗುರು, ಮೇಕಪ್ ಸಾಮಗ್ರಿಗಳನ್ನೂ ಒಳಗೊಂಡಿದೆ, 2035ರವರೆಗೆ ಗಡುವು ಕೊಟ್ಟಿದ್ದರೂ. ಅದು ಸರಿಯಾದ ದಾರಿ, ಏಕೆಂದರೆ ಬೆಳಿಗ್ಗೆ ಹಚ್ಚಿಕೊಂಡದ್ದು ರಾತ್ರಿ ಇಳಿಯುವುದೂ ಅದೇ ಬಚ್ಚಲಿಗೆ.

ಡಬ್ಬಿಯ ಹಿಂಬದಿಯಲ್ಲಿ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ನೈಲಾನ್-12 ಎಂಬ ಹೆಸರುಗಳಿದ್ದರೆ ಬಳಕೆದಾರರು ಎಚ್ಚರ ವಹಿಸಬಹುದು. ಆದರೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿ ಅರ್ಥಮಾಡಿಕೊಳ್ಳುವ ಹೊಣೆಯನ್ನು ಕೊಳ್ಳುವವರ ಮೇಲೆ ಹೊರಿಸುವುದು ನ್ಯಾಯವಲ್ಲ. ಸೌಂದರ್ಯವರ್ಧಕಗಳ ಮಾದರಿ ಪಡೆದು ಪರೀಕ್ಷಿಸುವ ಅಧಿಕಾರ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗಿದೆ. ಅವರು ಬೆಂಗಳೂರಿನ ಅಂಗಡಿಗಳ ಸ್ಕ್ರಬ್‌ಗಳನ್ನು ಪರೀಕ್ಷಿಸಿ ಫಲಿತಾಂಶವನ್ನು ಹೆಸರುಸಹಿತ ಪ್ರಕಟಿಸಲಿ. ನಮ್ಮ ಕೆರೆಗಳಿಗೆ ಬರುವ ನೀರಿನ ತಪಾಸಣೆಯಲ್ಲಿ ಪ್ಲಾಸ್ಟಿಕ್ ಕಣಗಳ ಲೆಕ್ಕವೂ ಸೇರಲಿ.

– ಒಬ್ಬ ಕೃಷಿಕ, ಕೋಲಾರ