ಸಂದರ್ಶನದಲ್ಲೇ ಶುರುವಾಗುವ ವೇತನ ತಾರತಮ್ಯ

ಮಾನ್ಯ ಸಂಪಾದಕರೇ,

ಮಹಿಳೆಯರು ಕಡಿಮೆ ಸಂಬಳದ ಕೆಲಸಗಳನ್ನು ತಾವಾಗಿಯೇ ಆರಿಸಿಕೊಳ್ಳುತ್ತಾರೆ, ಹೀಗಾಗಿ ವೇತನದ ಅಂತರಕ್ಕೆ ಯಾರೂ ಹೊಣೆಯಲ್ಲ ಎಂಬ ವಾದ ಮತ್ತೆ ಮತ್ತೆ ಕೇಳಿಬರುತ್ತಿದೆ. ಆಯ್ಕೆಯ ಪಾತ್ರ ಇಲ್ಲವೆಂದಲ್ಲ. ಆದರೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲೌಡಿಯಾ ಗೋಲ್ಡಿನ್ ತಮ್ಮ ಸಂಶೋಧನೆಯಲ್ಲಿ ತೋರಿಸಿರುವಂತೆ, ಶ್ರೀಮಂತ ದೇಶಗಳಲ್ಲಿ ಈ ಅಂತರದ ಬಹುಪಾಲು ಇರುವುದು ಒಂದೇ ವೃತ್ತಿಯಲ್ಲಿರುವ ಸ್ತ್ರೀ ಪುರುಷರ ನಡುವೆಯೇ, ಮತ್ತು ಅದು ಹಿಗ್ಗುವುದು ಮೊದಲ ಮಗು ಹುಟ್ಟಿದ ಮೇಲೆ.

ನೇಮಕಾತಿಯಲ್ಲೂ ಇದೇ ಲೆಕ್ಕಾಚಾರ ಕೆಲಸ ಮಾಡುತ್ತದೆ. ‘ಮದುವೆ ಯಾವಾಗ, ಮಕ್ಕಳಾದರೆ ಕೆಲಸ ಬಿಡುತ್ತೀರಾ’ ಎಂದು ಯುವತಿಯನ್ನು ಕೇಳುವ ಸಂದರ್ಶಕರು, ಅಷ್ಟೇ ಓದಿ ಹೊರಗೆ ಸರದಿ ಕಾಯುತ್ತಿರುವ ಯುವಕನನ್ನು ಹಾಗೆ ಕೇಳುವುದು ಅಪರೂಪ. ಇನ್ನು ‘ಹಿಂದಿನ ಸಂಬಳ ಎಷ್ಟಿತ್ತು’ ಎಂಬ ಪ್ರಶ್ನೆಯಂತೂ, ಮೊದಲ ಕೆಲಸದಲ್ಲಾದ ಅನ್ಯಾಯವನ್ನು ನಿವೃತ್ತಿಯವರೆಗೂ ಮುಂದುವರಿಸುತ್ತದೆ. ಐರೋಪ್ಯ ಒಕ್ಕೂಟವು 2023ರ ನಿರ್ದೇಶನದಲ್ಲಿ ಈ ಪ್ರಶ್ನೆಯನ್ನೇ ನಿಷೇಧಿಸಿ, ಆರಂಭಿಕ ವೇತನವನ್ನು ಅಭ್ಯರ್ಥಿಗೆ ಮೊದಲೇ ತಿಳಿಸಬೇಕೆಂದು ಹೇಳಿರುವುದು ಸರಿಯಾದ ಕ್ರಮ.

ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನವೆಂಬ ತತ್ವವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1951ರಲ್ಲೇ ಅಂಗೀಕರಿಸಿತ್ತು. ಆದರೆ ಸಂಬಳವನ್ನು ಗುಟ್ಟಾಗಿಡುವ ಪದ್ಧತಿ ಇರುವ ತನಕ, ತನಗೆ ಕಡಿಮೆ ಸಿಗುತ್ತಿದೆ ಎಂಬುದೇ ನೌಕರಳಿಗೆ ಗೊತ್ತಾಗುವುದಿಲ್ಲ. ಗೊತ್ತೇ ಆಗದಿದ್ದರೆ ಆಕೆ ಪ್ರಶ್ನಿಸುವುದಾದರೂ ಹೇಗೆ? ಪ್ರತಿ ಉದ್ಯೋಗದ ಜಾಹೀರಾತಿನಲ್ಲೂ ವೇತನ ಶ್ರೇಣಿಯನ್ನು ನಮೂದಿಸುವುದು ಕಡ್ಡಾಯವಾಗಬೇಕು.

ಇಂತಿ,
ಓರ್ವ ಓದುಗರು